ವಾಚಾಳಿ ಮತ್ತು ಮೌನಿ

ರಾಣಿಯ ಬೆನ್ನು ಅತ್ತೆಯ ಮನೆಯ ಟೀವಿಯಲ್ಲಿ ಕಾಣಿಸಿಕೊಂಡಾಗ ಮಾವ ಬಿಸ್ಕತ್ತು ಹಂಚುತ್ತಿದ್ದರು.

ಮಹಡಿ ಮನೆಯ ಗಂಡ ಹೆಂಡತಿ ಬಂದಿದ್ದರು. ಮಾವ ತಮ್ಮ ಹೊಸ ಸಾಹಸವನ್ನು ತೋರಿಸಲೆಂದೇ ಅವರನ್ನು ಕರೆದಿದ್ದರು: ಮನೆಯ ಎಲ್ಲ ಫೋನುಗಳ ಫೋಟೋಗಳೂ ಒಂದೇ ಕಡೆ ಸೇರಿ, ಒಂದಾದ ಮೇಲೊಂದು ಟೀವಿಯಲ್ಲಿ ತಾವಾಗಿಯೇ ಮೂಡಿಬರುವ ಏರ್ಪಾಟು. ಮಾವನ ಗುಲಾಬಿ ಕುಂಡಗಳು ಬಂದವು. ಮೊಮ್ಮಗುವಿನ ಹಲ್ಲಿಲ್ಲದ ನಗು ಬಂತು. ಸಮುದ್ರದ ದಂಡೆಯಲ್ಲಿ ಮಾವ ಹಾರಿಹೋದ ಟೋಪಿಯ ಹಿಂದೆ ಓಡುವುದು ಬಂತು. ಆಮೇಲೆ ಒಂದು ಬೆನ್ನು. ಬರಿಯ ಬೆನ್ನು, ಅದರ ಮೇಲೆ ಅಡ್ಡಕ್ಕೆ ಹಳದಿ ಅಳತೆ ಟೇಪು, ಟೇಪಿನ ತುದಿಯಲ್ಲಿ ಅತ್ತೆಯ ಹೆಬ್ಬೆರಳು.

“ಇದು ಎಲ್ಲಿಗೆ ಹೋದಾಗಿಂದು?” ಎಂದರು ಮಹಡಿ ಮನೆಯಾಕೆ, ಬಿಸ್ಕತ್ತು ಕಚ್ಚುತ್ತ.

ಅತ್ತೆ ಅಡುಗೆಮನೆಯಿಂದ ಅಷ್ಟು ವೇಗವಾಗಿ ಬಂದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ರಿಮೋಟ್ ಹುಡುಕಲಿಲ್ಲ. ಟೀವಿಯ ವೈರನ್ನೇ ಹಿಡಿದು ಗೋಡೆಯಿಂದ ಕಿತ್ತರು.

“ಕರೆಂಟು ಹೋಯ್ತಾ?” ಎಂದರು ಮಹಡಿ ಮನೆಯಾತ.

“ಹೂಂ, ಹೋಯ್ತು,” ಎಂದರು ಅತ್ತೆ, ಉರಿಯುತ್ತಿದ್ದ ದೀಪದ ಕೆಳಗೆ ನಿಂತು.

ಬೆನ್ನಿನ ನಂತರದ ಫೋಟೋ ಯಾವುದೆಂದು ಅತ್ತೆಗೂ ನನಗೂ ಗೊತ್ತಿತ್ತು. ಅದು ಎದೆಯದು. ರಾಣಿಯ ಎಡಗಡೆಯ ಸ್ತನವನ್ನು ಆಸ್ಪತ್ರೆಯಲ್ಲಿ ತೆಗೆದಿದ್ದರು. ಆ ವಿಷಯ ಗೊತ್ತಿದ್ದವರು ಅವಳ ಡಾಕ್ಟರು, ಅತ್ತೆ ಮತ್ತು ನಾನು. ಇನ್ನೊಂದು ಕ್ಷಣ ಕಳೆದಿದ್ದರೆ ಮಹಡಿ ಮನೆಯವರೂ ಸೇರುತ್ತಿದ್ದರು.

ಅತ್ತೆ ನಾಟಕದ ಉಡುಪು ಹೊಲಿಯುವವರು. ಮನೆಯ ಕೆಳಗೇ ಅಂಗಡಿ: ಮುಂದೆ ರಸ್ತೆಗೆ ತೆರೆದ ಆಳೆತ್ತರದ ಗಾಜಿನ ಕಿಟಕಿ, ಹಿಂದೆ ಪರದೆ ಎಳೆದ ಅಳತೆಯ ಕೋಣೆ. ನಾನು ಅಲ್ಲಿ ಬಟ್ಟೆ ಕತ್ತರಿಸುತ್ತೇನೆ, ಕಂಪ್ಯೂಟರಿನಲ್ಲಿ ನಮೂನೆ ಬರೆಯುತ್ತೇನೆ. ಗಿರಾಕಿಗಳನ್ನು ನಾವು ಕರೆಯುವುದು ಪಾತ್ರದ ಹೆಸರಿನಿಂದಲೇ. ‘ಮಂತ್ರಿಗೆ ಹೊಟ್ಟೆ ಬಂದಿದೆ, ಸ್ವಲ್ಪ ಬಿಟ್ಟು ಹೊಲಿ’, ‘ದೆವ್ವಕ್ಕೆ ತೋಳು ಗಿಡ್ಡ ಆಯ್ತಂತೆ’ ಎಂದೇ ದಿನವಿಡೀ ಮಾತು. ರಾಣಿ ಎಂದರೆ ದೊಡ್ಡ ನಾಟಕ ಕಂಪನಿಯ ನಾಯಕಿ. ರಜೆಯ ನೆಪ ಹೇಳಿ, ಚಿಕಿತ್ಸೆ ಮುಗಿಸಿ, ಈಗ ಹೊಸ ನಾಟಕದಲ್ಲಿ ಮತ್ತೆ ರಾಣಿಯಾಗಿ ಬಂದಿದ್ದಳು.

ಮರುದಿನ ಅವಳು ಅಂಗಡಿಗೆ ಬಂದಾಗ ಅತ್ತೆ ಅವಳನ್ನು ಕೂರಿಸಿ ಟೀವಿಯ ಕತೆಯನ್ನೆಲ್ಲ ಹೇಳಿದರು. ಮುಚ್ಚಿಡಬಹುದಿತ್ತು. ಅತ್ತೆಗೆ ಅದು ಹೊಳೆದಂತೆಯೇ ಕಾಣಲಿಲ್ಲ.

“ಬೆನ್ನು ತಾನೇ ಟೈಲರಮ್ಮ?” ರಾಣಿ ನಕ್ಕಳು. “ನನ್ನ ಬೆನ್ನನ್ನ ಊರೆಲ್ಲಾ ನೋಡಿದೆ. ಕೊನೇ ಅಂಕದಲ್ಲಿ ಸಾಯೋದೇ ಬೆನ್ನು ತೋರಿಸ್ಕೊಂಡು.”

“ಮುಂದಿನದು ಬೆನ್ನಾಗಿರಲಿಲ್ಲ ಕಣಮ್ಮ.”

ರಾಣಿಯ ನಗು ನಿಂತಿತು. ಮೇಜಿನ ಮೇಲಿದ್ದ ಗುಂಡಿಗಳನ್ನು ಒಂದೊಂದಾಗಿ ಸರಿಸುತ್ತ ಹೇಳಿದಳು: “ನಮ್ಮ ಮ್ಯಾನೇಜರ್ ಕೆಟ್ಟವರಲ್ಲ. ಕಷ್ಟ ಇರೋದೇ ಅಲ್ಲಿ. ಕೆಟ್ಟವರಾಗಿದ್ರೆ ಜಗಳ ಆಡಬಹುದಿತ್ತು. ಸೇನಾಪತಿ ಪಾತ್ರದವರಿಗೆ ಎದೆನೋವು ಬಂದಿತ್ತಲ್ಲ, ಡಾಕ್ಟ್ರು ಕುಣೀಬಹುದು ಅಂದ್ರೂ ಇವರು ಬಿಡಲಿಲ್ಲ. ‘ಅಯ್ಯೋ ಪಾಪ, ನೀವು ರೆಸ್ಟ್ ತಗೊಳ್ಳಿ’ ಅಂತ ಅತ್ತು, ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದ್ರು. ಪಾತ್ರ ಬೇರೆಯವರಿಗೆ ಹೋಯ್ತು. ನನಗೂ ಡಾಕ್ಟ್ರು ಸರಿ ಅಂದಿದ್ದಾರೆ. ಆದ್ರೆ ಇವರ ‘ಪಾಪ’ಕ್ಕೆ ಯಾವ ಡಾಕ್ಟ್ರ ಹತ್ರಾನೂ ಔಷಧಿ ಇಲ್ಲ. ಮೊದಲ ಪ್ರದರ್ಶನ ಒಂದು ಮುಗಿದುಬಿಡಲಿ, ಆಮೇಲೆ ನಾನೇ ಹೇಳ್ತೀನಿ. ಯಾವಾಗ ಹೇಳಬೇಕು, ಯಾರಿಗೆ ಹೇಳಬೇಕು ಅನ್ನೋದಾದ್ರೂ ನನ್ನ ಕೈಲಿರಲಿ.”

ಇದನ್ನು ಸರಿಪಡಿಸಲು ಮನೆಯವರಿಗೆ ಮಾತ್ರ ಹೇಳಬಹುದು ಎಂದು ಒಪ್ಪಿ ಅವಳು ಹೋದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

“ಚಿಲಕನ್ನ ಕರಿ.”

ಚಿಲಕ ಎಂದರೆ ನನ್ನ ಅಕ್ಕ. ಚಿಕ್ಕವಳಿದ್ದಾಗ ಕಂಡ ಕಂಡ ಬಾಗಿಲಿಗೆಲ್ಲ ಚಿಲಕ ಹಾಕಿಬಿಡುತ್ತಿದ್ದಳಂತೆ, ಒಳಗೆ ಯಾರಿದ್ದಾರೆಂದು ಕೂಡ ನೋಡದೆ. ಮಾವ ಒಮ್ಮೆ ಅರ್ಧ ದಿನವನ್ನು ಬಚ್ಚಲಲ್ಲೇ ಕಳೆದಿದ್ದಾರೆ. ಈಗ ಅವಳಿಗೆ ದೊಡ್ಡ ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ಕಾಯುವ ಕೆಲಸ. ಸೇರಿದ ದಿನ ಅವಳು ಒಂದು ಕಂಪ್ಯೂಟರನ್ನೂ ಮುಟ್ಟಲಿಲ್ಲ. ರೋಗಿಗಳ ನಡುವೆ ಬೆಂಚಿನ ಮೇಲೆ ಕೂತು ಸುಮ್ಮನೆ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಕಂಡದ್ದು ಇದು: ಚೀಟಿ ಬರೆಯುವವಳ ಕಂಪ್ಯೂಟರಿನ ಪರದೆ, ಅವಳ ಹಿಂದಿನ ಗಾಜಿನ ಬೀರುವಿನಲ್ಲಿ ಮೂಡಿ, ಯಾರಿಗೆ ಯಾವ ಕಾಯಿಲೆ ಎಂಬುದನ್ನು ಸಾಲಿನಲ್ಲಿ ನಿಂತವರಿಗೆಲ್ಲ ತೋರಿಸುತ್ತಿತ್ತು. ಅಕ್ಷರಗಳು ತಿರುಗುಮುರುಗು, ನಿಜ. ಆದರೆ ಆಸ್ಪತ್ರೆಯಲ್ಲಿ ಕಾಯುವವರಿಗೆ ಪುರುಸೊತ್ತಿಗೇನು ಬರ? ಅಕ್ಕ ಬೀರುವನ್ನು ಪಕ್ಕಕ್ಕೆ ತಳ್ಳಿಸಿದಳು. ಅದು ಅವಳ ಮೊದಲ ದುರಸ್ತಿ. “ಮೊದಲು ಎದುರುಗಡೆ ಕೂತು ನೋಡಬೇಕು, ಕಳ್ಳನ ಹಾಗೆ,” ಎನ್ನುತ್ತಾಳೆ ಅವಳು. ಎಲ್ಲಿ ಕೆಲಸ ಹಿಡಿದರೂ ಅವಳ ಮೊದಲ ಹೆಜ್ಜೆ ಅದೇ.

ಅತ್ತೆಯ ಅಂಗಡಿಗೆ ಬಂದ ದಿನ ಮಾತ್ರ ಅವಳು ಎದುರುಗಡೆ ಕೂರಲಿಲ್ಲ. “ಇಲ್ಲೇನಿದೆ ನೋಡೋಕೆ? ನಾನು ಅಂಬೆಗಾಲಿಟ್ಟ ಜಾಗ,” ಎಂದು ಚಪ್ಪಲಿ ಬಿಟ್ಟು ನೇರ ಒಳಗೆ ಬಂದಳು.

ಮೊದಲು ಅತ್ತೆಯ ಫೋನನ್ನು ಮಾವನ ಏರ್ಪಾಟಿನಿಂದ ಬಿಡಿಸಿದಳು. ಅಲ್ಲಿ ಸೇರಿಕೊಂಡಿದ್ದ ಗಿರಾಕಿಗಳ ಫೋಟೋಗಳನ್ನು ಅಳಿಸಿದಳು. ಅಳಿಸಿದ್ದು ಹೋಗಿ ಕೂರುವ ಕಸದ ಬುಟ್ಟಿಯಿಂದಲೂ ಅಳಿಸಿದಳು. ಮಾವ ಅವಳ ಹೆಗಲ ಮೇಲಿಂದ ಇಣುಕುತ್ತ, “ಗುಲಾಬಿ ಉಳೀತಾ? ಆ ಕೆಂಪು ಗುಲಾಬಿ?” ಎಂದು ಪರದಾಡುತ್ತಿದ್ದರು. ಆಮೇಲೆ ಎಲ್ಲರೂ ಕತ್ತರಿ ಮೇಜಿನ ಸುತ್ತ ಕೂತೆವು.

“ಇರೋದರಲ್ಲಿ ಬೆಸ್ಟ್ ಯಾವುದೋ ಅದನ್ನೇ ತಗೊಂಡ್ಬಿಡೋಣ,” ಎಂದರು ಮಾವ. “ಬೆರಳಚ್ಚು ಇರೋದು, ಮುಖ ನೋಡಿ ಗುರುತು ಹಿಡಿಯೋದು, ಎಲ್ಲಾ ಇರೋದು.”

“ಯಾರಿಂದ ಬಚ್ಚಿಡಬೇಕು ಮಾವ?”

“ಎಲ್ಲರಿಂದಲೂ!”

“ಹಾಗಂದ್ರೆ ಆಗಲ್ಲ. ಒಬ್ಬೊಬ್ಬರನ್ನೇ ಹೇಳಿ.”

ಅತ್ತೆ ಹೇಳಿದರು: ನಾಟಕ ಕಂಪನಿಯ ಮ್ಯಾನೇಜರು. ರಾಣಿಯ ಸುದ್ದಿ ಸಿಕ್ಕರೆ ಬರೆಯುವ ಪತ್ರಿಕೆಯವರು. ಅಂಗಡಿ ಒಡೆದು ಕಂಪ್ಯೂಟರ್ ಹೊತ್ತೊಯ್ಯುವ ಕಳ್ಳ.

“ಕೇಳದೇನೇ ನಮ್ಮ ಫೋಟೋ ತಗೊಂಡು ಎಲ್ಲೋ ಇಟ್ಟುಕೊಳ್ಳೋ ಕಂಪನಿಗಳು,” ಎಂದು ಸೇರಿಸಿದಳು ಅಕ್ಕ. “ಇನ್ನೊಬ್ಬರಿದ್ದಾರೆ.” ಮಾವನ ಕಡೆ ನೋಡಿದಳು.

“ನಾನಾ?”

“ಇಲ್ಲೀವರೆಗೆ ಹೊರಗೆ ಹಾಕಿದ್ದು ನೀವೊಬ್ಬರೇ ಅಲ್ವಾ ಮಾವ?”

ಮಾವ ಮುಖ ಊದಿಸಿಕೊಂಡು ಚಹಾ ತರಲು ಎದ್ದರು. ಅಕ್ಕ ಅತ್ತೆಯ ಕಡೆ ತಿರುಗಿದಳು. “ಫೋಟೋ ಯಾಕೆ ತೆಗೀತೀರಿ ಅತ್ತೆ?”

“ಭುಜ ಎಷ್ಟು ಇಳಿದಿದೆ, ಬೆನ್ನು ಎಷ್ಟು ಬಾಗಿದೆ, ಆಮೇಲೆ ನೋಡ್ಕೊಳ್ಳೋಕೆ ಕಣೇ.”

“ಅದನ್ನ ಅಂಕಿಯಲ್ಲೇ ಬರೆಯೋಕೆ ಬರಲ್ವಾ?”

ಅತ್ತೆ ಸ್ವಲ್ಪ ಹೊತ್ತು ಗಾಳಿಯಲ್ಲೇ ಒಂದು ದೇಹವನ್ನು ಅಳೆದರು. “ಬರುತ್ತೆ. ಅಳತೆ ಇನ್ನೂ ಒಂದಷ್ಟು ಜಾಸ್ತಿ ತಗೋಬೇಕು.”

“ತಗೊಳ್ಳಿ. ಫೋಟೋ ಬೇಡ. ಇಲ್ಲದೇ ಇರೋದನ್ನ ಯಾರು ಕದೀತಾರೆ?”

ನಾನು ಬೆರಗಾದೆ. ಕಂಪ್ಯೂಟರಿನ ಮಾತೇ ಇನ್ನೂ ಬಂದಿರಲಿಲ್ಲ, ಅರ್ಧ ಕೆಲಸ ಆಗಿಹೋಗಿತ್ತು.

ಆದರೂ ಮಾವನ ಸಮಾಧಾನಕ್ಕೆ ಪೇಟೆಯ ದೊಡ್ಡ ಕಂಪ್ಯೂಟರ್ ಅಂಗಡಿಗೆ ಹೋದೆವು. ಅಲ್ಲಿನ ಮಾರಾಟಗಾರ ಕಪ್ಪಗೆ ಮಿರುಗುವ ಒಂದನ್ನು ಎರಡು ಕೈಯಲ್ಲೂ ಎತ್ತಿ ತೋರಿಸಿದ. “ಇದು ಮಿಲಿಟರಿ ದರ್ಜೆ ಮೇಡಂ. ನಿಮ್ಮ ಫೈಲೆಲ್ಲಾ ತಾನೇ ಕ್ಲೌಡಿಗೆ ಹೋಗಿ ಸೇಫಾಗಿ ಕೂತ್ಕೊಳ್ಳುತ್ತೆ.”

“ಹೋಗದೇ ಇರೋ ಹಾಗೆ ಮಾಡಬಹುದಾ?”

“ಯಾಕೆ ಮೇಡಂ? ಅದೇ ಇದರ ಸ್ಪೆಷಾಲಿಟಿ.”

“ಇದರ ವೈಫೈ ಕಾರ್ಡು ಬಿಚ್ಚೋಕೆ ಬರುತ್ತಾ?”

“ಬಿಚ್ಚೋದಾ?” ಅವನು ಕಂಪ್ಯೂಟರನ್ನು ಎದೆಗೆ ಒತ್ತಿಕೊಂಡ. “ಬಿಚ್ಚಿದ್ರೆ ಇಂಟರ್‌ನೆಟ್ಟೇ ಬರಲ್ಲ ಮೇಡಂ!”

“ಅದೇ ಬೇಕಾಗಿರೋದು,” ಎಂದಳು ಅಕ್ಕ. ಅವನು ಮಾವನ ಕಡೆ ಕರುಣೆಯಿಂದ ನೋಡಿದ. ಮಾವ ಅದೇ ಕರುಣೆಯನ್ನು ಹಿಂದಿರುಗಿಸಿದರು.

ಕೊನೆಗೆ ಕೊಂಡದ್ದು ರಿಪೇರಿ ಅಂಗಡಿಯೊಂದರಲ್ಲಿ, ಯಾರೋ ಬಳಸಿ ಬಿಟ್ಟ, ದಪ್ಪನೆಯ ಬೂದು ಲ್ಯಾಪ್‌ಟಾಪು. ಅದರ ಹೊಟ್ಟೆಯನ್ನು ನಾಲ್ಕಾರು ಸ್ಕ್ರೂ ತೆಗೆದರೆ ಬಿಚ್ಚಬಹುದಿತ್ತು. ಅಕ್ಕ ಅದನ್ನು ಕತ್ತರಿ ಮೇಜಿನ ಮೇಲೆ ಬೋರಲು ಹಾಕಿ ವೈಫೈ ಕಾರ್ಡನ್ನು ಕಿತ್ತಳು. ಕ್ಯಾಮರಾದ ತಂತಿ, ಮೈಕಿನ ತಂತಿ ಕಿತ್ತಳು. ಹಳೆಯದನ್ನೆಲ್ಲ ಒರೆಸಿ, ಯಾವ ಕಂಪನಿಗೂ ಖಾತೆ ತೆರೆಯಬೇಕಿಲ್ಲದ, ಯಾರು ಬೇಕಾದರೂ ಒಳಗನ್ನು ಬಿಚ್ಚಿ ಪರೀಕ್ಷಿಸಬಹುದಾದ ಒಂದು ಉಚಿತ ವ್ಯವಸ್ಥೆಯನ್ನು ಹಾಕಿದಳು. ಇಡೀ ಡಿಸ್ಕಿಗೆ ಬೀಗ: ತೆರೆಯುವ ಮಾತು ಗೊತ್ತಿಲ್ಲದವನಿಗೆ ಅದರೊಳಗಿನದು ಬರೀ ರಾಡಿ. ಅಂಗಡಿಯ ಹಳೆಯ ಕಂಪ್ಯೂಟರ್ ಹಾಗೇ ಉಳಿಯಿತು. ಬಿಲ್ಲು, ಬಟ್ಟೆಯ ಆರ್ಡರು, ಮೇಲ್, ಮಾವ ಕೇಳುವ ಹಾಡು ಎಲ್ಲ ಅದರಲ್ಲಿ. ಅದಕ್ಕೆ ವಾಚಾಳಿ ಎಂದು ಹೆಸರಿಟ್ಟಳು. ಅಳತೆಗಳನ್ನಷ್ಟೇ ಇಡುವ ಬೂದು ಲ್ಯಾಪ್‌ಟಾಪು ಮೌನಿ.

“ಎರಡೂ ಮಾತಾಡ್ಕೋಬಾರ್ದು ಅತ್ತೆ. ಇದರಲ್ಲಿ ಇರೋದು ಅದಕ್ಕೆ ಗೊತ್ತಾಗ್ಬಾರ್ದು.”

“ಒಂದೇ ಮನೇಲಿ ಇಬ್ಬರು ಸೊಸೆಯಂದಿರ ಹಾಗೆ,” ಎಂದರು ಮಾವ.

ಹೆಸರುಗಳ ವಿಷಯದಲ್ಲೂ ಚರ್ಚೆಯಾಯಿತು. ಪಾತ್ರದ ಹೆಸರನ್ನೇ ಬರೆದರಾಯಿತು ಎಂದರು ಅತ್ತೆ. “ಅದು ಪೋಸ್ಟರಲ್ಲೇ ಇರುತ್ತಲ್ಲ ಅತ್ತೆ!” ಎಂದಳು ಅಕ್ಕ. ಕೊನೆಗೆ ಗಿರಾಕಿಗಳೆಲ್ಲ ತರಕಾರಿಗಳಾದರು. ರಾಣಿ ಮೂಲಂಗಿಯಾದಳು. ಯಾರು ಯಾವ ತರಕಾರಿ ಎಂಬುದು ಅತ್ತೆಯ ಮತ್ತು ನನ್ನ ತಲೆಯಲ್ಲಿ ಮಾತ್ರ.

ತೆರೆಯುವ ಮಾತನ್ನು ಅತ್ತೆ ಯೋಚಿಸಿ ಆರಿಸುವಂತಿರಲಿಲ್ಲ. “ಯೋಚಿಸಿದ್ರೆ ಮೊಮ್ಮಗಳ ಹೆಸರೇ ಬರುತ್ತೆ,” ಎಂದು ಅಕ್ಕ ಅವರ ಕೈಗೆ ದಾಳ ಕೊಟ್ಟಳು. ದಾಳ ಬಿದ್ದಂತೆ ನಿಘಂಟಿನ ಪುಟ, ಪುಟದಲ್ಲಿ ಪದ. ಒಂದಕ್ಕೊಂದು ಸಂಬಂಧವಿಲ್ಲದ ಪದಗಳ ಒಂದು ಸಾಲು. ಅತ್ತೆ ದಾಳ ಹಾಕುವಾಗ ಅಕ್ಕ ಗೋಡೆಯ ಕಡೆ ತಿರುಗಿ ನಿಂತಳು. ನಮ್ಮನ್ನೂ ತಿರುಗಿಸಿದಳು.

“ನಿನಗೂ ಹೇಳ್ಬಾರ್ದಾ?” ಅತ್ತೆಗೆ ಆಶ್ಚರ್ಯ.

“ನನಗೆ ಗೊತ್ತಿಲ್ದಿದ್ರೆ ನಾನು ಬಾಯಿ ಬಿಡೋಕೂ ಆಗಲ್ಲ.”

“ನಾನು ಮರೆತ್ರೆ?”

“ಮರೆತ್ರೆ ಮತ್ತೆ ಅಳತೆ ತೆಗೀರಿ. ಅವರ ಮೈ ಎಲ್ಲಿಗೂ ಹೋಗಿರಲ್ವಲ್ಲ.”

ಇದನ್ನು ಕೇಳಿ ಅತ್ತೆ ಮೊದಲ ಸಲ ಜೋರಾಗಿ ನಕ್ಕರು. ಕಳೆದುಹೋದರೆ ಎರಡನೇ ಸಲ ಪಡೆಯಬಹುದಾದದ್ದು ಯಾವುದು, ಹೊರಬಿದ್ದರೆ ಮತ್ತೆ ಒಳಗೆ ತರಲಾಗದ್ದು ಯಾವುದು: ಅಕ್ಕ ಎಲ್ಲವನ್ನೂ ಈ ತಕ್ಕಡಿಯಲ್ಲೇ ತೂಗುತ್ತಿದ್ದಳು. ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತು, ಪೆಡಲಿನ ಲಯಕ್ಕೆ ಆ ಪದಗಳನ್ನು ಬಾಯಿಪಾಠ ಮಾಡತೊಡಗಿದರು.

“ಅತ್ತೆ, ಮನಸ್ಸಲ್ಲಿ! ಮನಸ್ಸಲ್ಲಿ!” ಅಕ್ಕ ಕಿವಿ ಮುಚ್ಚಿಕೊಂಡಳು.

ಹೋಗುವ ಮೊದಲು ಒಂದು ಬಿಸ್ಕತ್ತಿನ ಡಬ್ಬಿಯನ್ನು ತೋರಿಸಿ ಹೇಳಿದಳು: ಒಳಕೋಣೆಯಲ್ಲಿ ಯಾರಾದರೂ ಅಳತೆಗೆ ನಿಂತಿದ್ದಾರೆಂದರೆ ಅಂಗಡಿಯ ಫೋನುಗಳೆಲ್ಲ ಈ ಡಬ್ಬಿಯಲ್ಲಿ, ಡಬ್ಬಿ ಮಹಡಿ ಮೆಟ್ಟಿಲ ಕೆಳಗೆ.

ಅಲ್ಲಿಗೆ ಎಲ್ಲವೂ ಭದ್ರವಾಯಿತು ಎಂದುಕೊಂಡೆವು. ಮೌನಿಯನ್ನು ಮುಚ್ಚಿದಾಗ ನನಗೆ ಬ್ಯಾಂಕಿನ ಬಾಗಿಲು ಮುಚ್ಚಿದಂಥ ಸುಖವಾಗುತ್ತಿತ್ತು.

ಇನ್ನು ನಮ್ಮ ಗೊಂಬೆಯ ವಿಷಯ ಹೇಳಬೇಕು. ಉಡುಪು ಹೊಲಿಯುವವರ ಬಳಿ ತಲೆ ಕೈಕಾಲಿಲ್ಲದ, ಕಂಬದ ಮೇಲೆ ನಿಂತ ಮೈಯೊಂದು ಇರುತ್ತದೆ. ಅತ್ತೆಯದು ತೆಳ್ಳಗಿನ ಮರದ ಗೊಂಬೆ. ಗಿರಾಕಿಯ ಅಳತೆ ಬಂದ ಮೇಲೆ ನಾವು ಅದಕ್ಕೆ ಹತ್ತಿ, ಉಣ್ಣೆಯ ಪಟ್ಟಿಗಳನ್ನು ಸುತ್ತಿ, ಮೇಲೊಂದು ಬಿಗಿ ಬಟ್ಟೆ ಹೊಲಿದು, ಆ ಗಿರಾಕಿಯದೇ ಮೈ ಮಾಡುತ್ತೇವೆ. ಸೊಂಟ ಸೊಟ್ಟಗಿದ್ದರೆ ಸೊಟ್ಟ, ಗೂನಿದ್ದರೆ ಗೂನು. ಸುಳ್ಳು ಗೊಂಬೆಯ ಮೇಲೆ ಹೊಲಿದದ್ದು ನಿಜವಾದ ಮೈಮೇಲೆ ನಿಲ್ಲುವುದಿಲ್ಲ ಎನ್ನುತ್ತಾರೆ ಅತ್ತೆ. ರಾಣಿಯ ಗೊಂಬೆಯನ್ನು ತುಂಬಿದವಳು ನಾನೇ. ಬಲಗಡೆ ತುಂಬಿದೆ, ಎಡಗಡೆ ಚಪ್ಪಟೆ ಬಿಟ್ಟೆ. ಆ ಚಪ್ಪಟೆಯ ಮೇಲೆ ಕೂರುವ ಹಾಗೆ ರವಿಕೆಯ ಒಳಗೇ ಮೆತ್ತನೆಯ ಒಂದು ಪುಟ್ಟ ದಿಂಬನ್ನು ಅತ್ತೆ ಕೂರಿಸಿದರು. ಓಡಿದರೂ ಬಿದ್ದರೂ ಕೈಯೆತ್ತಿ ಶಪಿಸಿದರೂ ಅಲುಗದ ಹಾಗೆ. ಅಂಥ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆಲಸ ನಡೆದಿರುವ ಗೊಂಬೆ ಯಾವಾಗಲೂ ನಿಲ್ಲುವುದು ಕಿಟಕಿಯ ಹತ್ತಿರ. ಬೆಳಕು ಇರುವುದು ಅಲ್ಲೇ.

ಪ್ರದರ್ಶನ ಹತ್ತಿರ ಬಂತು. ಬೀದಿಬೀದಿಯಲ್ಲೂ ಪೋಸ್ಟರು: ನೆಲ ಗುಡಿಸುವ ನೀಲಿ ಲಂಗ, ಅದರ ಅಂಚಿಗೆ ಬಿಳಿ ಹಕ್ಕಿಗಳ ಸಾಲು, ಮೇಲೆ ಕೈಯೆತ್ತಿದ ರಾಣಿ. ಆ ದಿನ ರವಿಕೆಯನ್ನು ಕೊನೆಯ ಸಲ ತೊಟ್ಟು ನೋಡಲು ರಾಣಿ ಒಳಕೋಣೆಗೆ ಹೋಗಿದ್ದಳು, ಅತ್ತೆಯೂ ಅವಳ ಜೊತೆ. ಫೋನುಗಳು ಡಬ್ಬಿಯಲ್ಲಿ. ನಾನು ಕಿಟಕಿಯ ಬಳಿ ನೆಲದ ಮೇಲೆ ಕೂತು, ಗೊಂಬೆಗೆ ಉಡಿಸಿದ್ದ ಲಂಗದ ಅಂಚಿಗೆ ಉಳಿದ ಹಕ್ಕಿಗಳನ್ನು ಹೊಲಿಯುತ್ತಿದ್ದೆ. ಮೌನಿ ಹೇಗಿದೆ ಎಂದು ನೋಡಲು ಬಂದ ಅಕ್ಕ ಬಾಗಿಲಲ್ಲೇ ನಿಂತಳು.

“ಒಳಗೆ ಅಳತೆ ನಡೀತಿದೆಯಾ? ಮುಗೀಲಿ. ಎದುರಿಗೆ ಕಾಫಿ ಕುಡೀತಾ ಇರ್ತೀನಿ.”

ಹೀಗೆ ಅಕ್ಕ ಕೊನೆಗೂ ಎದುರುಗಡೆ ಕೂತಳು.

ಕಾಫಿ ಅಂಗಡಿಯ ಆ ಕುರ್ಚಿಯಿಂದ ಅವಳಿಗೆ ಕಂಡದ್ದನ್ನು ಆಮೇಲೆ ಅವಳೇ ಹೇಳಿದಳು. ಕಿಟಕಿಯ ತುಂಬ ಬಿಸಿಲು. ಕೆಳಗೆ ಊರೆಲ್ಲ ಬಲ್ಲ ನೀಲಿ ಲಂಗ. ಮೇಲೆ, ರವಿಕೆಯಿಲ್ಲದೆ, ಬಿಳಿ ಬಟ್ಟೆಯ ಬರಿ ಮೈ. ಒಂದು ಕಡೆ ತುಂಬಿದ್ದು, ಇನ್ನೊಂದು ಕಡೆ ಬಯಲು. ಅಂಕಿಯಾಗಿ, ಮೂಲಂಗಿಯಾಗಿ, ಬೀಗದೊಳಗೆ ಬೀಗ ಹಾಕಿ ಇಟ್ಟಿದ್ದೆಲ್ಲ ಆಳೆತ್ತರಕ್ಕೆ ಬೀದಿಗೆ ಮುಖಮಾಡಿ ನಿಂತಿತ್ತು. ಅದರ ಕಾಲ ಬಳಿ ತಲೆ ತಗ್ಗಿಸಿ ಹಕ್ಕಿ ಹೊಲಿಯುತ್ತಿದ್ದ ನಾನು. ನಮಗೆ ಗೊಂಬೆ ಎಂದರೆ ಗುಂಡುಸೂಜಿ ಚುಚ್ಚುವ ಜಾಗ. ಅದೊಂದು ಮೈ ಎಂಬುದೇ ಮರೆತುಹೋಗಿರುತ್ತದೆ.

ಇಷ್ಟರಲ್ಲಿ ಅವಳಿಗೆ ಇನ್ನೊಂದು ಕಂಡಿತು. ಸಿಪಾಯಿಗಳ ಕೋಟು ಎಲ್ಲಿಗೆ ಬಂತೆಂದು ವಿಚಾರಿಸಲು ಮ್ಯಾನೇಜರು ಫೋನ್ ನೋಡುತ್ತ ಆ ಬೀದಿಯಲ್ಲೇ ಬರುತ್ತಿದ್ದರು.

ಅಕ್ಕ ನನಗೆ ಫೋನ್ ಮಾಡಿದಳು. ಮೆಟ್ಟಿಲ ಕೆಳಗೆ ಡಬ್ಬಿಯೊಳಗೆ ಅದು ಬಡಿದುಕೊಂಡಿತಂತೆ. ನಾನು ಕೇಳಿದ್ದು ಸೈಕಲ್ಲಿನ ಗಂಟೆ, ಬೈಗುಳ. ತಲೆಯೆತ್ತಿದಾಗ ಅಕ್ಕನ ಬೆನ್ನು ಕಿಟಕಿಯ ಗಾಜಿಗೆ ಅಂಟಿಕೊಂಡಿತ್ತು.

“ಸಾರ್, ಒಂದು ನಿಮಿಷ! ನಿಮ್ಮ ಫೋನಿಗೆ ಲಾಕೇ ಇಲ್ವಾ?” ಅವಳ ದನಿ ತೆರೆದ ಬಾಗಿಲಿನಿಂದ ಕೇಳಿಸಿತು.

“ಯಾರಮ್ಮ ನೀವು?”

“ಟೈಲರಮ್ಮನ ಅಣ್ಣನ ಮಗಳು. ಆಸ್ಪತ್ರೇಲಿ ಕಂಪ್ಯೂಟರ್ ನೋಡ್ಕೋತೀನಿ. ನಿಮಗೆ ಬಂದ ಮೆಸೇಜು ರಸ್ತೆಗೇ ಕಾಣ್ತಾ ಇದೆ ಸಾರ್.”

“ಏನಂತ ಬಂದಿದೆ?” ಮ್ಯಾನೇಜರ ದನಿಯಲ್ಲಿ ಗಾಬರಿ.

“ಬರ್ತಾ ಈರುಳ್ಳಿ ತನ್ನಿ ಅಂತ. ಇವತ್ತು ಈರುಳ್ಳಿ ಸಾರ್, ನಾಳೆ ಏನು ಬರುತ್ತೋ! ಹೀಗೆ ಬನ್ನಿ, ಆ ಕಡೆ ತಿರುಗಿ, ಬಿಸಿಲಿಗೆ ಪರದೆ ಕಾಣಿಸ್ತಿಲ್ಲ. ಹಾಂ.”

ಅವರ ಹೆಗಲು ಹಿಡಿದು ರಸ್ತೆಯ ಕಡೆಗೆ ತಿರುಗಿಸಿಯೇಬಿಟ್ಟಳು. ಬೆನ್ನ ಹಿಂದೆ ಅವಳ ಇನ್ನೊಂದು ಕೈ ಗಾಜಿನ ಮೇಲೆ ಅಡ್ಡಡ್ಡ ಸರಿಯುತ್ತಿತ್ತು: ಚಿಲಕ ಹಾಕುವ ಹಾಗೆ, ಮತ್ತೆ ಮತ್ತೆ.

ನಾನು ಗೊಂಬೆಯನ್ನು ನೋಡಿದೆ. ಬೀದಿಯವರ ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಕೈಗೆ ಸಿಕ್ಕ ಸಿಪಾಯಿ ಕೋಟೊಂದನ್ನು ಅದರ ಹೆಗಲಿಗೆ ಹಾಕಿ ಕುತ್ತಿಗೆಯವರೆಗೆ ಗುಂಡಿ ತುರುಕಿದೆ. ಕೊನೆಯ ಗುಂಡಿಗೆ ಮ್ಯಾನೇಜರು ಒಳಗೆ ಬಂದರು.

“ಇದೇನಮ್ಮ, ರಾಣಿಗೆ ಸಿಪಾಯಿ ಕೋಟು?”

“ಧೂಳು ಬೀಳದಿರಲಿ ಅಂತ ಸಾರ್.”

“ಬಟ್ಟೆ ಚೆನ್ನಾಗಿದೆ.” ಅವರು ಬೆರಳುಗಳಲ್ಲಿ ಕೋಟಿನ ಅಂಚು ಹಿಡಿದು ಉಜ್ಜಿದರು. ಮೇಲಿನ ಗುಂಡಿಗೆ ಕೈ ಹಾಕಿದರು. “ಒಳಗೆ ಅಸ್ತರು ಕೊಟ್ಟಿದ್ದೀರಾ?”

“ಸಾರ್,” ಎಂದಳು ಅಕ್ಕ ಬಾಗಿಲಿನಿಂದ, “ನಿಮ್ಮ ಬ್ಯಾಂಕಿನ ಪಾಸ್‌ವರ್ಡಲ್ಲಿ ನಿಮ್ಮ ಹುಟ್ಟಿದ ದಿನ ಇದೆ ಅಲ್ವಾ?”

ಮ್ಯಾನೇಜರ ಕೈ ಗುಂಡಿಯನ್ನು ಬಿಟ್ಟಿತು. “ನಿಮಗೆ ಹೇಗೆ ಗೊತ್ತು?!”

“ಇರೋರೇ ಜಾಸ್ತಿ ಸಾರ್. ಬನ್ನಿ, ಎದುರಿಗೆ ಕಾಫಿ ಕುಡೀತಾ ಸರಿ ಮಾಡಿಕೊಡ್ತೀನಿ.”

ಅವರನ್ನು ಕರೆದುಕೊಂಡು ಹೋದಳು. ಅವರು ಸಿಪಾಯಿಗಳ ಕೋಟನ್ನು ಮರೆತೇ ಹೋದರು. ಅಕ್ಕ ಹಿಂತಿರುಗುವಾಗ ರಾಣಿ ಪರದೆ ಸರಿಸಿ ಹೊರಬಂದಿದ್ದಳು; ರವಿಕೆ ತೊಟ್ಟು, ಕೆಳಗೆ ತನ್ನದೇ ಹ್ಯಾಂಡ್‌ಲೂಮ್ ಸೀರೆಯನ್ನು ಹೇಗೋ ಸಿಕ್ಕಿಸಿಕೊಂಡು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ತಪ್ಪು ನಂದು,” ಎಂದಳು ಅಕ್ಕ. ಮಾತನ್ನು ಸುತ್ತಿ ಬಳಸಲಿಲ್ಲ. “ಎಲ್ಲಾ ಕಡೆ ಮೊದಲು ಹೊರಗೆ ಕೂತು ನೋಡ್ತೀನಿ. ಇದು ನಮ್ಮದೇ ಅಂಗಡಿ ಅಂತ ಇಲ್ಲಿ ನೋಡಲಿಲ್ಲ. ನೀವು ಬೈದ್ರೂ ಸರಿ.”

ರಾಣಿ ಗೊಂಬೆಯ ಹತ್ತಿರ ಹೋದಳು. ಕೋಟಿನ ಗುಂಡಿ ಬಿಚ್ಚಿ ತನ್ನ ಮೈಯನ್ನು ತಾನೇ ನೋಡಿದಳು. ಎಡಗಡೆಯ ಬಯಲಿನ ಮೇಲೆ ಅಂಗೈ ಇಟ್ಟಳು. ಮತ್ತೆ ಗುಂಡಿ ಹಾಕಿದಳು.

“ಬೈಯೋದು ಆಮೇಲೆ. ಅವರು ನೋಡಿದ್ರಾ?”

“ಇಲ್ಲ. ಅದು ಖಂಡಿತ.”

“ಬೇರೆ ಯಾರಾದ್ರೂ?”

“ಅದು ಗೊತ್ತಿಲ್ಲ,” ಎಂದಳು ಅಕ್ಕ. “ಗೊತ್ತಿಲ್ಲದೇ ಇರೋದನ್ನ ಇಲ್ಲ ಅಂತ ಹೇಳಲ್ಲ.”

ಅಂಥ ಹೊತ್ತಿನಲ್ಲಿ ಯಾರೇ ಆದರೂ ಸಮಾಧಾನದ ಒಂದು ಸುಳ್ಳು ಹೇಳುತ್ತಿದ್ದರು. ರಾಣಿ, “ನನ್ನ ಬಟ್ಟೆ ಇನ್ನು ಮುಂದೇನೂ ಇಲ್ಲೇ ಹೊಲೀರಿ,” ಎಂದಷ್ಟೇ ಹೇಳಿದಳು.

ಅಕ್ಕ ಮತ್ತೆ ಎದುರುಗಡೆ ಹೋಗಿ, ಕಾಫಿ ಅಂಗಡಿಯವನು ಕುರ್ಚಿ ಮಡಚುವವರೆಗೂ ಕೂತಳು. ಹಿಂತಿರುಗಿದವಳೇ ಕಿಟಕಿಗೆ ತಲೆಯೆತ್ತರದವರೆಗೆ ತೆಳು ಬಿಳಿ ಬಟ್ಟೆ ಬಿಗಿದಳು. “ಬೆಳಕು ಬೇಕಲ್ಲೇ,” ಎಂದು ಅತ್ತೆ ಗೊಣಗಿದರು. “ಬೆಳಕು ಬರಲಿ ಅತ್ತೆ, ಕಣ್ಣು ಬೇಡ.” ಒಳಕೋಣೆಯ ಕನ್ನಡಿ ಪರದೆಯ ಸಂದಿಯಿಂದ ರಸ್ತೆಗೆ ಕಾಣುತ್ತಿತ್ತು, ಅದರ ಜಾಗ ಬದಲಾಯಿತು. ಮಾವ ಮೆಟ್ಟಿಲ ಮೇಲೆ ನಿಂತು ಗಿರಾಕಿಗಳ ಹೆಸರು ಕೂಗಿ ಕರೆಯುತ್ತಿದ್ದದ್ದೂ ಅಂದಿಗೇ ನಿಂತಿತು.

ಮೊದಲ ಪ್ರದರ್ಶನಕ್ಕೆ ನಾವೆಲ್ಲ ಹೋದೆವು. ರಾಣಿ ಓಡಿದಳು, ಬಿದ್ದಳು, ಎರಡೂ ಕೈಯೆತ್ತಿ ಶಪಿಸಿದಳು. ಅತ್ತೆ ಅವಳ ಮುಖವನ್ನು ಒಮ್ಮೆಯೂ ನೋಡಲಿಲ್ಲ. ಎಡಗಡೆಯ ಹೊಲಿಗೆಯನ್ನೇ ನೋಡುತ್ತಿದ್ದರು. ಹೊಲಿಗೆ ಅಲುಗಲಿಲ್ಲ. ಅವಳು ಬೆನ್ನು ತೋರಿಸಿಕೊಂಡು ಸತ್ತಾಗ ಮಾವ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆ ವಾರವೇ ರಾಣಿ ಅಂಗಡಿಗೆ ಬಂದಳು. ಅಕ್ಕನೂ ಇದ್ದಳು.

“ಮ್ಯಾನೇಜರ್‌ಗೆ ಹೇಳ್ಬಿಟ್ಟೆ. ನಾನೇ, ನನ್ನ ಬಾಯಿಂದಾನೇ. ‘ಅಯ್ಯೋ ಪಾ...’ ಅಂತ ಶುರು ಮಾಡಿದ್ರು. ಪೂರ್ತಿ ‘ಪಾಪ’ ಅಂದ್ರೆ ನಾಳೆ ಸ್ಟೇಜ್ ಮೇಲೆ ಮಾತೇ ಮರೆತುಹೋಗುತ್ತೆ ನೋಡಿ ಅಂದೆ. ಸುಮ್ಮನಾದ್ರು. ಆಮೇಲೆ, ‘ನಿಮ್ಮನ್ನ ನೋಡಿದ್ರೆ ಗೊತ್ತೇ ಆಗಲಿಲ್ಲ’ ಅಂದ್ರು. ಗೊತ್ತಾಗಬಾರದು ಅಂತಲೇ ಅಷ್ಟು ಜನ ಕಷ್ಟಪಟ್ಟಿದ್ದು ಸಾರ್ ಅಂದೆ.”

ಅಕ್ಕ ಅವಳಿಗೆ ಕುರ್ಚಿ ಎಳೆದು ಕೊಟ್ಟಳು. “ಕೆಲಸ ಮುಗೀತು. ಇನ್ನು ನಿಮ್ಮ ಅಳತೆ ಇಲ್ಲಿ ಇರಬೇಕಾ ಬೇಡವಾ ಅನ್ನೋದನ್ನ ನೀವೇ ಹೇಳಬೇಕು. ಬೇಡ ಅಂದ್ರೆ ನಿಮ್ಮ ಕೈಯಿಂದಾನೇ ಅಳಿಸಬಹುದು.”

“ಮೊದಲು ತೋರಿಸಿ.”

ಅತ್ತೆ ಮೌನಿಯನ್ನು ತೆರೆದರು. ಯಾರೂ ಹೇಳಬೇಕಾಗಲಿಲ್ಲ: ಅಕ್ಕ ತಿರುಗಿದಳು, ನಾನು ತಿರುಗಿದೆ, ನಮ್ಮನ್ನು ನೋಡಿ ರಾಣಿಯೂ ತಿರುಗಿದಳು. ಮೆಟ್ಟಿಲು ಇಳಿಯುತ್ತಿದ್ದ ಮಾವ ಅಲ್ಲೇ ನಿಂತು ಗೋಡೆಗೆ ಮುಖ ಮಾಡಿದರು. ಹಿಂದೆ ಅತ್ತೆಯ ಬೆರಳುಗಳ ಸದ್ದು. ಅದರ ಜೊತೆಗೇ ಅವರ ಪಾದ, ಇಲ್ಲದ ಪೆಡಲನ್ನು ತುಳಿಯುವ ಸದ್ದು.

ರಾಣಿ ಪರದೆಯನ್ನು ಓದಿದಳು. ಅಂಕಿಗಳು. ಹೆಸರಿಲ್ಲ, ಮುಖವಿಲ್ಲ.

“ಮೂಲಂಗಿನಾ ನಾನು?”

“ಒಳ್ಳೇ ತರಕಾರಿ ಕಣಮ್ಮ. ಮಂತ್ರಿ ನೋಡು, ಕುಂಬಳಕಾ...”

“ಅತ್ತೆ!” ಎಂದು ಅಕ್ಕ ಕಿರುಚಿದಳು.

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದರು. ರಾಣಿ ಕುರ್ಚಿಯಿಂದ ಜಾರುವಷ್ಟು ನಕ್ಕಳು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು ಅಕ್ಕನಿಗೆ ಹೇಳಿದಳು: “ಅಳಿಸಬೇಡಿ, ಇಲ್ಲೇ ಇರಲಿ. ಮುಂದಿನ ನಾಟಕದಲ್ಲಿ ಕುದುರೆ ಹತ್ತೋದಿದೆ, ಅಳತೆ ಬೇಕಾಗುತ್ತೆ.”

ಅಕ್ಕ ತಲೆಯಾಡಿಸಿದಳು. ಆಸ್ಪತ್ರೆಯವರು ಅವಳನ್ನು ಎಷ್ಟು ಹೊಗಳಿದ್ದಾರೋ ನನಗೆ ಗೊತ್ತಿಲ್ಲ. ಅಕ್ಕನ ಕಿವಿ ಕೆಂಪಾದದ್ದನ್ನು ನಾನು ನೋಡಿದ್ದು ಆಗಲೇ. ಅತ್ತೆ ಮೌನಿಯನ್ನು ಮುಚ್ಚಿದರು. ಆಮೇಲೆ ಅವರೂ ನಾನೂ ತಲೆಗೆ ತಲೆ ಕೊಟ್ಟು ಕೂತೆವು, ಮಂತ್ರಿಗೆ ಹೊಸ ತರಕಾರಿ ಹುಡುಕುವುದಕ್ಕೆ.